ಒಂದು ಕಡೆ 31, ಇನ್ನೊಂದು ಕಡೆ 38. ಯಾವ ಸ್ಕ್ಯಾನ್ ನಂಬೋದು?

24 ವಾರ
ಹೊಟ್ಟೆಯಲ್ಲಿರುವ ಮಗುವಿಗೆ ಎಡಗಡೆ ಸಿಡಿಎಚ್ (ವಪೆಯಲ್ಲಿ ತೂತು, ಡಯಾಫ್ರಮ್ ಹರ್ನಿಯಾ), ಲಿವರ್ ಮೇಲೆ ಎದೆಯೊಳಗೆ ಬಂದಿದೆ. ಮೊದಲ ಸ್ಕ್ಯಾನ್‌ನಲ್ಲಿ ಒ ಬೈ ಇ ಎಲ್‌ಎಚ್‌ಆರ್ (ಶ್ವಾಸಕೋಶ ಆ ವಾರಕ್ಕೆ ಇರಬೇಕಾದ್ದರಲ್ಲಿ ಶೇ ಎಷ್ಟಿದೆ ಅನ್ನೋ ಅಳತೆ) 31 ಅಂದರು. ವಾರ ಬಿಟ್ಟು ಬೇರೆ ಕಡೆ ಹೋದರೆ 38. ಎಂಆರ್‌ಐ ಬೇಕಾ? ಶ್ವಾಸಕೋಶ ಬೆಳೆಯಲಿ ಅಂತ ಹೆರಿಗೆಗೆ ಮುಂಚೆಯೇ ಮಗುವಿನ ಶ್ವಾಸನಾಳಕ್ಕೆ ಬಲೂನ್ ಹಾಕಿಸಿದವರು ಇದ್ದರೆ ದಯವಿಟ್ಟು ಹೇಳಿ.

ಪುಟ್ಟಿ ಅಮ್ಮ
ನಂಬರ್ ಹಿಂದೆ ಬೀಳಬೇಡಿ. ನಮ್ಮದು 47, ಲಿವರ್ ಕೆಳಗೇ ಇತ್ತು. ಮೈಲ್ಡ್ ಅಂದರು, ಮನೆಯವರಿಗೆಲ್ಲ ಜೀವ ಬಂದಂತಾಯಿತು. ಹುಟ್ಟಿದ ಮಾರನೇ ದಿನ ಮಗಳು ಎಕ್ಮೋ (ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಮೇಲೆ. ಶ್ವಾಸಕೋಶ ಎಷ್ಟು ದೊಡ್ಡದು ಅಂತ ಸ್ಕ್ಯಾನ್ ಹೇಳುತ್ತದೆ. ಅದರೊಳಗಿನ ರಕ್ತನಾಳ ಹುಟ್ಟಿದ ಮೇಲೆ ಸಡಿಲ ಆಗುತ್ತದಾ ಇಲ್ವಾ ಅಂತ ಹೇಳುವುದಿಲ್ಲ. ಪಲ್ಮನರಿ ಹೈಪರ್‌ಟೆನ್ಷನ್ (ಆ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಾಗೋದು) ಮಾತನ್ನು ಹೆರಿಗೆಗೆ ಮುಂಚೆ ಯಾರೂ ಎತ್ತಲೇ ಇಲ್ಲ, ಅದಕ್ಕೆ ನನಗೆ ಈಗಲೂ ಸಿಟ್ಟು. ತೂತಿಗೆ ಪ್ಯಾಚ್ ಹಾಕಿ ಆಪರೇಷನ್ ಆಯಿತು. ಆಮೇಲೆ ಎದೆಯಲ್ಲಿ ಹಾಲಿನಂಥ ನೀರು ತುಂಬಿತು, ನನ್ನ ಹಾಲು ನಿಲ್ಲಿಸಿ ಸ್ಪೆಷಲ್ ಫಾರ್ಮುಲಾ ಕೊಟ್ಟರು, ಆ ಡಬ್ಬ ಇನ್ಶೂರೆನ್ಸ್‌ನಲ್ಲಿ ಬರುವುದಿಲ್ಲ. ಸಂಬಳವಿಲ್ಲದ ರಜೆ, ಆಸ್ಪತ್ರೆ ಎದುರು ರೂಮು, ಬಾಡಿಗೆ ಪಂಪು, ಎಲ್ಲ ಕೈಯಿಂದಲೇ. ಇವತ್ತಿಗೂ ರಾತ್ರಿ ಊಟ ಟ್ಯೂಬಿನಲ್ಲಿ.

ಬಲೂನ್ ಅಪ್ಪ
ಹಾಗೆ ಹೆದರಿಸಬೇಡಿ ಮೇಡಂ. ನಮ್ಮದು 22. ಆ ನಂಬರ್ ಇಲ್ಲದಿದ್ದರೆ ಬಲೂನಿಗೆ ನಮ್ಮನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. 2021ರ ಟೋಟಲ್ ಟ್ರಯಲ್‌ನಲ್ಲಿ (ಈ ಬಲೂನಿನದೇ ಅಧ್ಯಯನ) 25ಕ್ಕಿಂತ ಕಡಿಮೆ ಇದ್ದ ಮಕ್ಕಳಲ್ಲಿ ಬಲೂನ್ ಹಾಕಿದಾಗ ಬದುಕಿ ಮನೆಗೆ ಹೋದವರು ಶೇ 40, ಹಾಕದಿದ್ದಾಗ ಶೇ 15. 28ನೇ ವಾರ ಮಗುವಿನ ಶ್ವಾಸನಾಳದಲ್ಲಿ ಇಟ್ಟರು. 34ಕ್ಕೆ ತೆಗೆಯಬೇಕಿತ್ತು, 32ರಲ್ಲೇ ನೀರು ಹೋಯಿತು, ನಡುರಾತ್ರಿ ಓಡಿದೆವು. ಬಲೂನ್ ಒಳಗಿರುವಾಗಲೇ ಹೆರಿಗೆಯಾದರೆ ಮಗುವಿಗೆ ಉಸಿರಾಡೋಕೆ ದಾರಿಯೇ ಇರುವುದಿಲ್ಲ, ಅದಕ್ಕೇ ಅಲ್ಲಿಯವರೆಗೆ ಆಸ್ಪತ್ರೆ ಪಕ್ಕದಲ್ಲೇ ಇರಬೇಕು. ಎರಡೆರಡು ಬಾಡಿಗೆ ಕಟ್ಟಿದೆ, ಕೆಲಸ ಹೋಯಿತು, ಕಾರು ಮಾರಿದೆ. ಮಗ ಈಗ ಸೈಕಲ್ ಹೊಡೆಯುತ್ತಾನೆ. ಧೈರ್ಯ ಮಾಡಿದವರಿಗೆ ಫಲ ಸಿಗುತ್ತದೆ.

ಬೇಡ ಅಂದವಳು
ಧೈರ್ಯದ ಮಾತು ಇಲ್ಲಿ ಬೇಡ. ನಮ್ಮದು 33, ನಾನು ಬಲೂನ್ ಬೇಡ ಅಂದೆ. ಅದೇ ಟ್ರಯಲ್‌ನ ಇನ್ನೊಂದು ಭಾಗ, ಮಧ್ಯಮ ಗುಂಪಿನ ಮಕ್ಕಳದ್ದು, ಅದನ್ನು ಯಾಕೆ ಬಿಟ್ಟಿರಿ? ಬದುಕಿ ಮನೆಗೆ ಹೋದವರು ಹಾಕಿದಾಗ ಶೇ 63, ಹಾಕದಿದ್ದಾಗ ಶೇ 50, ಲಾಭ ಇದೆ ಅಂತ ಗಟ್ಟಿಯಾಗಿ ಹೇಳೋಕೆ ಆ ವ್ಯತ್ಯಾಸ ಸಾಲಲಿಲ್ಲ. ಅವಧಿಗೆ ಮುಂಚಿನ ಹೆರಿಗೆ ಮಾತ್ರ ಜಾಸ್ತಿ. ನನ್ನ ಮಗ ಉಳಿಯಲಿಲ್ಲ. ಹಾಕಿಸಿದ್ದರೆ ಉಳೀತಿದ್ದನೇನೋ ಅಂತ ನೆಂಟರು ಈಗಲೂ ಅನ್ನುತ್ತಾರೆ, ಇಲ್ಲಿ ನೀವೂ ಶುರು ಮಾಡಿದಿರಿ. ಅದೇ ರಿಪೋರ್ಟು ಮತ್ತೆ ಕೈಗೆ ಬಂದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ಬಲೂನ್ ಅಪ್ಪ
ನಿಮಗೆ ಹೇಳಿದ್ದಲ್ಲ. ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳಬೇಡಿ.

ಬೇಡ ಅಂದವಳು
ಮತ್ಯಾರಿಗೆ ಹೇಳಿದ್ದು?

ಬಲಗಡೆ
ಎಲ್ಲರೂ ಎಡಗಡೆ ಲೆಕ್ಕವನ್ನೇ ಹೇಳುತ್ತೀರಿ. ಬಲಗಡೆ ಹರ್ನಿಯಾದಲ್ಲಿ 45ಕ್ಕಿಂತ ಕೆಳಗಿದ್ದರೇ ತೀವ್ರ. ನಮಗೆ 41 ಬಂದಾಗ ಎಡಗಡೆ ಪಟ್ಟಿ ನೋಡಿ ಪರವಾಗಿಲ್ಲ ಅಂದುಬಿಟ್ಟರು. ಅಳತೆಯೂ ಸರಿ ಇರಲಿಲ್ಲ. ಹೃದಯದ ನಾಲ್ಕೂ ಕೋಣೆ ಕಾಣುವ ಚಿತ್ರದಲ್ಲಿ, ಹರ್ನಿಯಾ ಇಲ್ಲದ ಕಡೆಯ ಶ್ವಾಸಕೋಶದ ಅಂಚಿನ ಸುತ್ತ ಕರ್ಸರ್‌ನಲ್ಲಿ ಗೆರೆ ಎಳೆಯಬೇಕು. ಅವರು ಸುಮ್ನೆ ಉದ್ದ ಅಗಲ ಗುಣಿಸಿದ್ದರು, ಹಾಗೆ ಮಾಡಿದರೆ ವಿಸ್ತೀರ್ಣ ಜಾಸ್ತಿ ಬರುತ್ತದೆ. ಇನ್ನೊಬ್ಬರು ಗೆರೆ ಎಳೆದಾಗ 34. ಅಲ್ಟ್ರಾಸೌಂಡಿನಲ್ಲಿ ಲಿವರೂ ಶ್ವಾಸಕೋಶವೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಎಂಆರ್‌ಐನಲ್ಲಿ ಲಿವರ್ ಬೇರೆಯಾಗಿ ಕಂಡಿತು, ಎರಡೂ ಶ್ವಾಸಕೋಶದ ಒಟ್ಟು ಗಾತ್ರವೂ ಸಿಕ್ಕಿತು. ಇನ್ಶೂರೆನ್ಸಿನವರು ಸಹಿ ಇಲ್ಲ, ಸೀಲ್ ಇಲ್ಲ ಅಂತ ಆ ಬಿಲ್ಲನ್ನು ಮತ್ತೆ ಮತ್ತೆ ವಾಪಸ್ ಕಳಿಸಿದರು, ಕೊನೆಗೂ ದುಡ್ಡು ಬರಲಿಲ್ಲ. 24 ವಾರದವರೇ, ಎಡಗಡೆ ಲಿವರ್ ಮೇಲಿದ್ದರೆ 31 ಆದರೂ 38 ಆದರೂ ಆ ಟ್ರಯಲ್‌ನ ಲೆಕ್ಕದಲ್ಲಿ ಮಧ್ಯಮವೇ. ಎರಡೂ ಕಡೆ ಹೇಗೆ ಅಳೆದರು ಅಂತ ಕೇಳಿ.

ಪುಟ್ಟಿ ಅಮ್ಮ
ಸೈಕಲ್ ಬಗ್ಗೆ ಬರೆದವರು ಮಗ ಹೇಗೆ ತಿನ್ನುತ್ತಾನೆ ಅಂತಲೂ ಬರೆಯಿರಿ.

ಬಲೂನ್ ಅಪ್ಪ
ಟ್ಯೂಬ್ ಯಾವಾಗಲೋ ತೆಗೆಸಿದೆವು. ಹಸಿವಾದರೆ ಮಕ್ಕಳು ತಿನ್ನುತ್ತಾರೆ, ಅಭ್ಯಾಸ ಮಾಡಿಸಬೇಕು ಅಷ್ಟೇ.

ಪುಟ್ಟಿ ಅಮ್ಮ
ಚಮಚ ತುಟಿಗೆ ಮುಟ್ಟಿದರೆ ವಾಂತಿ ಮಾಡುವ ಮಗು ನನ್ನದು. ರಿಫ್ಲಕ್ಸ್‌ಗೆ (ಹೊಟ್ಟೆಯಲ್ಲಿದ್ದದ್ದು ಮೇಲೆ ಬರೋದು) ಔಷಧಿ ನಡೀತಿದೆ, ಫೀಡಿಂಗ್ ಥೆರಪಿ ನಡೀತಿದೆ. ಅಭ್ಯಾಸ ಮಾಡಿಸಿಲ್ಲ ಅಂತ ನನಗೆ ಹೇಳಬೇಡಿ ಸರ್.