ಮಗು ನಾನ್‌ಬೈನರಿ ಅಂದಾಗ: ಮನೆಯ ಕನ್ನಡ, ಶಾಲೆ, ಊರಿನ ಫೋನು

ಹೊರದೇಶದ ಕನ್ನಡ ಮನೆಯಲ್ಲಿ ಹದಿಹರೆಯದ ಮಗು ಬಂದು ‘ನಾನು ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ, ನಾನ್‌ಬೈನರಿ’ ಅಂತ ಹೇಳಿದ ದಿನ ಅಪ್ಪ ಅಮ್ಮ ಮಾಡಬೇಕಾದ್ದು ಸ್ವಲ್ಪವೇ. ‘ನಮಗೆ ಹೇಳಿದ್ದು ಒಳ್ಳೇದಾಯ್ತು ಪುಟ್ಟ’ ಅನ್ನಿ. ಆಮೇಲೆ ನಾಲ್ಕು ಮಾತು ಕೇಳಿ: ಯಾವ ಹೆಸರಿನಿಂದ ಕರೀಬೇಕು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನಿನ್ನ ಬಗ್ಗೆ ಹೇಗೆ ಹೇಳಬೇಕು, ಇದು ಈಗಾಗಲೇ ಯಾರಿಗೆ ಗೊತ್ತು, ನಾವು ಯಾರಿಗೆ ಹೇಳಬಹುದು. ‘ಗೊತ್ತಿಲ್ಲ’ ಅಂದರೆ ಅಷ್ಟಕ್ಕೇ ಬಿಡಿ, ವಾರ ಬಿಟ್ಟು ಮತ್ತೆ ಕೇಳಬಹುದು. ‘ಯಾರು ಹೇಳಿಕೊಟ್ಟರು, ಯಾವ ವೀಡಿಯೋ ನೋಡಿದೆ’ ಅಂತ ವಿಚಾರಣೆಗೆ ಇಳಿದರೆ ಮುಂದಿನ ಸಲ ಮಗು ನಿಮ್ಮ ಹತ್ತಿರ ಬರುವುದಿಲ್ಲ.

ಹೆಚ್ಚು ಮನೆಗಳು ಎಡವುವುದು ನಾಲ್ಕನೇ ಪ್ರಶ್ನೆಯಲ್ಲಿ. ತಡೆಯಲಾರದೆ ಆ ರಾತ್ರಿಯೇ ಅಕ್ಕನಿಗೋ ನಾದಿನಿಗೋ ಫೋನು ಹೋಗುತ್ತದೆ, ಮೂರು ದಿನದಲ್ಲಿ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಉಪದೇಶ ಶುರುವಾಗುತ್ತದೆ, ಮಗುವಿಗೆ ಅದು ಯಾರೋ ಕಸಿನ್ ಮೂಲಕ ಗೊತ್ತಾಗುತ್ತದೆ. ನಿಮ್ಮ ಗಾಬರಿ ಹೇಳಿಕೊಳ್ಳಲು ಒಬ್ಬರು ಬೇಕೇಬೇಕು ಅನ್ನಿಸಿದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ. ಅವರಿಗೆ ಗುಟ್ಟು ಕಾಯುವ ಕಟ್ಟುಪಾಡು ಇದೆ, ನೆಂಟರಿಗೆ ಇಲ್ಲ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಿ. ನಾನ್‌ಬೈನರಿ ಅನ್ನುವುದು ತಾನು ಯಾರು ಎಂಬ ಮಾತು, ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬ ಮಾತಲ್ಲ. ಹಾರ್ಮೋನು, ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕು ಅಂತಲೂ ಇಲ್ಲ. ಹೆಸರು, ಬಟ್ಟೆ, ಕೂದಲು, ಮಾತು ಇಷ್ಟು ಸರಿಹೋದರೆ ಸಾಕು ಅನ್ನುವ ಮಕ್ಕಳು ಬಹಳ.

ಈಗ ಮಾತಿನ ವಿಷಯ. ಇಂಗ್ಲಿಷಿನಲ್ಲಿ ‘ದೇ’ (they, ಅವರು) ಅಂದುಬಿಡುತ್ತೇವೆ, ಮನೆಯ ಕನ್ನಡದಲ್ಲಿ ಮಾತ್ರ ಹಳೇ ‘ಅವನು’, ‘ಅವಳು’ ಹಾಗೇ ಉಳಿಯುತ್ತದೆ. ಹಾಗಾದಾಗ ಮಗುವಿನ ಪಾಲಿಗೆ ಕನ್ನಡವೇ ನೋಯಿಸುವ ಭಾಷೆ, ಇಂಗ್ಲಿಷೇ ನೆಮ್ಮದಿಯ ಭಾಷೆ. ಮೊದಲೇ ಹೊರದೇಶದಲ್ಲಿ ತೆಳ್ಳಗಾಗುತ್ತಿರುವ ಕನ್ನಡವನ್ನು ಆ ಮಗು ಪೂರ್ತಿ ಬಿಟ್ಟರೆ ತಪ್ಪು ಮಗುವಿನದಲ್ಲ. ಆದರೆ ಕನ್ನಡದಲ್ಲಿ ದಾರಿ ಇದೆ, ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ.

‘ನಾನು ಬಂದೆ’, ‘ನೀನು ಬಂದೆ’, ಇವೆರಡರಲ್ಲೂ ಲಿಂಗದ ಗುರುತಿಲ್ಲ. ಹಿಂದಿಯವರಿಗೆ ಇಲ್ಲೇ ತೊಡಕು, ನಮಗಿಲ್ಲ. ‘ನಾನು’, ‘ನೀನು’ ವಿಶೇಷ್ಯಾಧೀನ ಲಿಂಗ ಅಂತ ಶಾಲೆಯ ವ್ಯಾಕರಣದಲ್ಲಿ ಓದಿದ್ದು ನೆನಪಿರಬಹುದು, ಆ ಪದ ಯಾರನ್ನು ಸೂಚಿಸುತ್ತದೋ ಅವರ ಲಿಂಗವೇ ಅದರ ಲಿಂಗ. ಮುಖಕ್ಕೆ ಮುಖ ಮಾತಾಡುವಾಗ ಕೈಕೊಡುವುದು ಬಾಲ: ಬಾರೋ, ಬಾರೇ, ಏನೋ, ಏನೇ, ಕಣೋ, ಕಣೇ. ಬಾಲ ಬಿಟ್ಟು ಬರೀ ‘ಬಾ’ ಅಂದರೆ ಗದರಿದ ಹಾಗೆ ಕೇಳಿಸುತ್ತದೆ, ಅದಕ್ಕೇ ಹಿಂದೆ ಒಂದು ಮುದ್ದಿನ ಮಾತು ಸೇರಿಸಿ: ‘ಬಾ ಕಂದ’, ‘ಏಳು ಬಂಗಾರ’, ‘ಹೌದು ಚಿನ್ನ’. ಹೆಣ್ಣುಮಕ್ಕಳನ್ನೂ ಪ್ರೀತಿಯಿಂದ ‘ಬಾರೋ’ ಅನ್ನುವ ಮನೆಗಳಿವೆ. ಅದು ಮಗುವಿಗೆ ಹಿತವಾಗಿದ್ದರೆ ಬಿಡಬೇಕಾಗಿಲ್ಲ, ಕೇಳಿ ನೋಡಿ.

ನಿಜವಾದ ಕೆಲಸ ಇರುವುದು ಮಗುವಿನ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ. ಅಲ್ಲೂ ಎಲ್ಲ ಕ್ರಿಯಾಪದಗಳೂ ಲಿಂಗ ಹೇಳುವುದಿಲ್ಲ. ಮಧು ಅನ್ನುವ ಹೆಸರು ಇಟ್ಟುಕೊಂಡು ನೋಡಿ. ಮಧು ಬರಬೇಕು, ಮಧು ಬರಬಹುದು, ಮಧು ಬರಲಿ, ಮಧು ಬರಲ್ಲ, ಮಧು ಇನ್ನೂ ಎದ್ದಿಲ್ಲ: ಎಲ್ಲೂ ತೊಂದರೆಯಿಲ್ಲ. ‘ಗೆ’ ಹಚ್ಚಿದ ವಾಕ್ಯಗಳೂ ಹಾಗೇ: ಮಧುಗೆ ಹುಷಾರಿಲ್ಲ, ಮಧುಗೆ ಗೊತ್ತು, ಮಧುಗೆ ನಿದ್ದೆ ಬಂದಿದೆ. ‘ಊಟ ಮಾಡಿದ್ನಾ’ ಅನ್ನುವ ಬದಲು ‘ಮಧುದು ಊಟ ಆಯ್ತಾ’ ಅನ್ನುವುದು ನಮ್ಮದೇ ನುಡಿ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಉಳಿದದ್ದು ‘ಬಂದ’, ‘ಬರ್ತಾಳೆ’, ‘ಹೋಗಿದ್ದಾನೆ’ ಬಗೆಯ ಮಾತು. ಅಲ್ಲಿ ‘ಬಂದ್ರು’, ‘ಬರ್ತಾರೆ’, ‘ಹೋಗಿದ್ದಾರೆ’. ಹದಿನೈದರ ಮಗುವಿಗೆ ಮರ್ಯಾದೆಯ ಬಹುವಚನವೇ ಅಂತ ಮೊದಲ ಎರಡು ವಾರ ನಾಲಿಗೆ ತಡವರಿಸುತ್ತದೆ, ಆಮೇಲೆ ಒಗ್ಗುತ್ತದೆ. ‘ಒಬ್ಬನೇ’, ‘ಒಬ್ಬಳೇ’ ಹೋಗಿ ‘ಒಬ್ಬರೇ’ ಆಗಬೇಕು. ಈ ಪದ ಬಹಳ ಸಲ ಜಾರುತ್ತದೆ. ‘ದೊಡ್ಡವನು’, ‘ದೊಡ್ಡವಳು’ ಬದಲು ‘ದೊಡ್ಡ ಮಗು’. ‘ಜಾಣೆ’ ಅನ್ನುವಲ್ಲಿ ‘ತುಂಬ ಬುದ್ಧಿ ಇದೆ’.

‘ಅದು’ ಅನ್ನಬಹುದೇ ಅಂತ ಕೆಲವರು ಕೇಳುತ್ತಾರೆ. ಮಗು, ಶಿಶು, ಕೂಸು ವ್ಯಾಕರಣದಲ್ಲಿ ನಿತ್ಯ ನಪುಂಸಕ ನಿಜ, ‘ಮಗು ಬಂತು’ ಅನ್ನುತ್ತೇವೆ. ಆದರೂ ದೊಡ್ಡ ಮಕ್ಕಳಿಗೆ ಬೇಡ. ಟ್ರಾನ್ಸ್‌ಜೆಂಡರ್ ಜನರನ್ನು ಹೀನಾಯ ಮಾಡಲು ಇದೇ ‘ಅದು’ ಬಳಕೆಯಾಗಿದೆ, ಆ ಗಾಯ ಪದಕ್ಕೆ ಅಂಟಿಕೊಂಡಿದೆ. ಹವ್ಯಕ ಕನ್ನಡದಲ್ಲಂತೂ ಹೆಂಗಸರ ಬಗ್ಗೆ ನಪುಂಸಕ ರೂಪದಲ್ಲೇ ಮಾತಾಡುವುದು ರೂಢಿ, ಆ ಮನೆಗಳಲ್ಲಿ ಅದು ಹೆಣ್ಣು ಅಂದಂತೆಯೇ ಆಗುತ್ತದೆ.

ಹೊಸ ಹೆಸರು ಆರಿಸುತ್ತಿದ್ದರೆ ಇ, ಉ ಇಂದ ಮುಗಿಯುವ ಹೆಸರು ಕನ್ನಡದಲ್ಲಿ ಹಗುರ: ಶಶಿಗೆ, ಮಧುಗೆ. ಅಕಾರದಿಂದ ಮುಗಿದರೆ ‘ನಿಗೆ’ ಬಂದು ಅಂಟಿಕೊಂಡು ಗಂಡಾಗಿಬಿಡುತ್ತದೆ. ಅಣ್ಣ, ಅಕ್ಕ ಎಂಬುದಕ್ಕೆ ಮಾತ್ರ ಕನ್ನಡದಲ್ಲಿ ಲಿಂಗವಿಲ್ಲದ ಪದ ಇಲ್ಲ. ತಮ್ಮ ತಂಗಿಯರು ಹೆಸರು ಹಿಡಿದು ಕರೆಯಲಿ, ಇಲ್ಲವೇ ಮಕ್ಕಳೇ ತಮ್ಮತಮ್ಮಲ್ಲಿ ಒಂದು ಮುದ್ದುಹೆಸರು ಕಟ್ಟಿಕೊಳ್ಳಲಿ. ಚಿಕ್ಕವರು ಬೇಗ ಕಲಿಯುತ್ತಾರೆ.

ನಾಲಿಗೆ ತಪ್ಪಿದಾಗ ‘ಬಂದ... ಬಂದ್ರು’ ಅಂತ ತಿದ್ದಿ ಮುಂದಕ್ಕೆ ಹೋಗಿ. ಐದು ನಿಮಿಷ ಕ್ಷಮೆ ಕೇಳುತ್ತ ಅತ್ತರೆ ಕೊನೆಗೆ ಮಗುವೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅಭ್ಯಾಸ ಮಗುವಿನ ಬೆನ್ನ ಹಿಂದೆಯೂ ನಡೆಯಲಿ: ಗಂಡ ಹೆಂಡತಿ ರಾತ್ರಿ ಹತ್ತು ನಿಮಿಷ ಮಗುವಿನ ಬಗ್ಗೆ ಸರಿಯಾದ ರೂಪದಲ್ಲೇ ಮಾತಾಡಿ, ಫೋನಿನಲ್ಲಿ ಉಳಿಸಿಕೊಂಡ ಹೆಸರು ಬದಲಿಸಿ. ಎದುರಿಗೆ ಮಾತ್ರ ಹೊಸ ಮಾತು, ಹಿಂದೆ ಹಳೆಯದು ಅಂತಾದರೆ ಅಭ್ಯಾಸ ಆಗುವುದೇ ಇಲ್ಲ.

ಇದೆಲ್ಲ ಬರೀ ಸೂಕ್ಷ್ಮದ ಮಾತಲ್ಲ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ 15ರಿಂದ 21 ವಯಸ್ಸಿನ, ಟ್ರಾನ್ಸ್‌ಜೆಂಡರ್ ಅಥವಾ ಲಿಂಗದ ರೂಢಿಗೆ ಹೊಂದದ 129 ಜನರನ್ನು ಮಾತಾಡಿಸಿತ್ತು. ಮನೆ, ಶಾಲೆ, ಕೆಲಸ, ಗೆಳೆಯರು ಹೀಗೆ ಹೆಚ್ಚು ಕಡೆ ತಾವು ಆರಿಸಿಕೊಂಡ ಹೆಸರಿನಿಂದ ಕರೆಸಿಕೊಂಡವರಲ್ಲಿ ಖಿನ್ನತೆಯೂ ಸಾಯುವ ಯೋಚನೆಯೂ ಕಡಿಮೆ ಕಂಡುಬಂತು. ಇಂಥ ಸಮೀಕ್ಷೆ ಕಾರಣವನ್ನು ಸಾಬೀತುಪಡಿಸುವುದಿಲ್ಲ, ನಿಜ. ಆದರೆ ಹೆಸರು ಹಿಡಿದು ಕರೆಯಲು ನಮಗೆ ಆಗುವ ಖರ್ಚಾದರೂ ಏನು?

ಶಾಲೆಗೆ ಹೇಳುವ ಮೊದಲು ಮಗುವನ್ನು ಕೇಳಿ. ಒಪ್ಪಿದರೆ ಒಂದು ಇಮೇಲ್ ಕಳಿಸಿ ಇಷ್ಟನ್ನು ಒಂದೊಂದಾಗಿ ವಿಚಾರಿಸಿ: ಹಾಜರಿ ಪಟ್ಟಿಯಲ್ಲಿ ಯಾವ ಹೆಸರು ಬರುತ್ತದೆ, ಬದಲಿ ಶಿಕ್ಷಕರ ಕೈಗೆ ಹೋಗುವ ಪಟ್ಟಿಯಲ್ಲಿ ಯಾವುದು, ಲಾಗಿನ್ ಮಾಡಿದಾಗ ಸಹಪಾಠಿಗಳಿಗೆ ಏನು ಕಾಣುತ್ತದೆ, ಮನೆಗೆ ಬರುವ ಅಂಕಪಟ್ಟಿಯಲ್ಲಿ ಏನಿರುತ್ತದೆ. ತರಗತಿ ಶಿಕ್ಷಕರು ಒಪ್ಪಿಕೊಂಡ ಮೇಲೂ ಬದಲಿ ಶಿಕ್ಷಕರು ಹಳೇ ಹೆಸರನ್ನು ಗಟ್ಟಿಯಾಗಿ ಓದಿಬಿಡುವುದು ಸಾಮಾನ್ಯ. ಬೋರ್ಡ್ ಪರೀಕ್ಷೆಯ ನೋಂದಣಿಗೆ ಕಾನೂನಿನ ಹೆಸರೇ ಬೇಕಾಗಬಹುದು, ಅದನ್ನು ಮಗುವಿಗೆ ಮುಂಚೆಯೇ ಹೇಳಿಡಿ. ಶೌಚಾಲಯದ ವಿಷಯ ಮರೆಯಬೇಡಿ. ಯಾವುದಕ್ಕೆ ಹೋಗಲಿ ಅನ್ನುವ ಭಯಕ್ಕೆ ದಿನವಿಡೀ ನೀರು ಕುಡಿಯದೆ ಕೂರುವ ಮಕ್ಕಳಿದ್ದಾರೆ, ಉರಿಮೂತ್ರ, ಮೂತ್ರದ ಸೋಂಕು ಬರುವುದು ಹೀಗೇ. ಸಂಜೆ ನೀರಿನ ಬಾಟಲಿ ತುಂಬಿದ ಹಾಗೇ ವಾಪಸ್ಸು ಬರುತ್ತಿದ್ದರೆ ಗಮನಿಸಿ.

ಎದೆ ಚಪ್ಪಟೆ ಕಾಣಲೆಂದು ಬೈಂಡರ್ ಅನ್ನುವ ಬಿಗಿಯಾದ ಒಳಉಡುಪು ಕೇಳಿದರೆ ‘ಬೇಡ’ ಅಂದುಬಿಡುವುದೇ ಅಪಾಯ. ಕೊಡಿಸದಿದ್ದರೆ ಮಕ್ಕಳು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಾರೆ, ಟೇಪು ಹಚ್ಚಿಕೊಳ್ಳುತ್ತಾರೆ. ಬ್ಯಾಂಡೇಜ್ ಉಸಿರಾಡಿದಂತೆಲ್ಲ ಬಿಗಿಯುತ್ತಾ ಹೋಗಿ ಪಕ್ಕೆಲುಬಿಗೆ ಪೆಟ್ಟು ಕೊಡುತ್ತದೆ. ಎದೆಯ ಸುತ್ತಳತೆ ಟೇಪಿನಲ್ಲಿ ಅಳೆದು ತಯಾರಕರ ಪಟ್ಟಿಗೆ ಸರಿಯಾದ ಅಳತೆಯದನ್ನೇ ತರಿಸಿ, ಒಂದು ಅಳತೆ ಚಿಕ್ಕದನ್ನು ತರಿಸಬೇಡಿ. ದಿನಕ್ಕೆ 8 ಗಂಟೆ ಮೀರಬಾರದು, ಹಾಕಿಕೊಂಡು ಮಲಗಬಾರದು, ಆಟ ಓಟಕ್ಕೆ ಸ್ಪೋರ್ಟ್ಸ್ ಬ್ರಾ ಸಾಕು, ವಾರದಲ್ಲಿ ಒಂದೆರಡು ದಿನ ಬಿಡುವಿರಲಿ. ನೋವು, ಉಸಿರು ಕಟ್ಟುವುದು, ಜೋಮು ಹಿಡಿಯುವುದು ಏನೇ ಆದರೂ ತಕ್ಷಣ ಬಿಚ್ಚಬೇಕು. ಮುಟ್ಟಿನ ದಿನಗಳಲ್ಲಿ ಮಗು ಕುಗ್ಗಿಹೋಗುತ್ತಿದ್ದರೆ ವೈದ್ಯರನ್ನು ಕೇಳಿ, ಮುಟ್ಟನ್ನು ಕಡಿಮೆ ಮಾಡುವ, ನಿಲ್ಲಿಸುವ ಔಷಧಿಗಳಿವೆ.

‘ಊರಿಗೆ ಕರ್ಕೊಂಡು ಹೋಗಿ ಒಳ್ಳೇ ಡಾಕ್ಟರಿಗೆ ತೋರಿಸಿ, ಸರಿಹೋಗುತ್ತೆ’ ಅನ್ನುವ ಸಲಹೆ ಬಂದೇ ಬರುತ್ತದೆ. ಒಪ್ಪಬೇಡಿ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದಿದೆ. ಗುರುತನ್ನೇ ಬದಲಿಸುತ್ತೇವೆ ಅನ್ನುವ ‘ಚಿಕಿತ್ಸೆ’ಯನ್ನು ಜರ್ಮನಿ 2020ರಲ್ಲಿ ಅಪ್ರಾಪ್ತರ ಮೇಲೆ ಮಾಡದಂತೆ ತಡೆಯಿತು, ಕೆನಡಾ 2022ರಲ್ಲಿ ಅಪರಾಧ ಮಾಡಿತು, ಅದೇ ವರ್ಷ ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದಿತು. ಆಪ್ತಸಮಾಲೋಚಕರನ್ನು ಆರಿಸುವಾಗ ‘ನಿಮ್ಮ ಗುರಿ ಏನು’ ಅಂತ ನೇರ ಕೇಳಿ. ‘ಮೊದಲಿನ ಹಾಗೆ ಮಾಡುವುದು’ ಅಂದರೆ ಎದ್ದು ಬನ್ನಿ.

ಅಜ್ಜಿ ತಾತನಿಗೆ ಯಾವಾಗ, ಯಾರು ಹೇಳಬೇಕು ಅನ್ನುವುದು ಮಗುವಿನ ನಿರ್ಧಾರ. ಹೇಳುವುದಾದರೆ ವಿವರಣೆ ಬೇಡ, ಎರಡೇ ವಾಕ್ಯ ಸಾಕು: ‘ಇನ್ಮೇಲೆ ಮಧು ಅಂತ ಕರೀರಿ, ಹಾಗೆ ಕರೆದರೆ ಮಗುಗೆ ಖುಷಿ.’ ‘ಇದೆಲ್ಲ ಹೊರದೇಶದ ಗಾಳಿ’ ಅಂದರೆ ಭಾರತದ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಗಂಡು ಹೆಣ್ಣು ಎರಡರಾಚೆಗೂ ಲಿಂಗ ಗುರುತು ಇದೆ ಅಂತ ಒಪ್ಪಿದೆ ಎಂದು ಹೇಳಿ. ಇನ್ನೂ ಹೇಳುವುದು ಬೇಡ ಎಂದಿದ್ದರೆ ವೀಡಿಯೋ ಕರೆಗೆ ಮುಂಚೆ ಯಾವ ಹೆಸರು ಬಳಸಬೇಕು ಅಂತ ಮಗುವಿನ ಜೊತೆ ಮಾತಾಡಿಕೊಳ್ಳಿ, ಕರೆ ಮುಗಿದ ಮೇಲೆ ‘ಕಷ್ಟ ಆಯ್ತಾ’ ಅಂತ ಕೇಳಿ. ಊರಿಗೆ ಹೋಗುವ ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ. ಪಾಸ್‌ಪೋರ್ಟಿನಲ್ಲಿ ಲಿಂಗದ ಜಾಗದಲ್ಲಿ ಗಂಡು, ಹೆಣ್ಣು ಬದಲು ‘ಎಕ್ಸ್’ ಗುರುತು ಹಾಕಿಸುವ ಯೋಚನೆ ಇದ್ದರೆ, ಹೋಗುವ ದೇಶದ ವೀಸಾ ಅರ್ಜಿ ಅದನ್ನು ಒಪ್ಪುತ್ತದೆಯೇ ಅಂತ ಮೊದಲು ನೋಡಿ.

ಮಗು ಕನ್ನಡಿ ಮುಚ್ಚುತ್ತಿದ್ದರೆ, ಕತ್ತಲಲ್ಲಿ ಸ್ನಾನ ಮಾಡುತ್ತಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ತನ್ನ ವಸ್ತುಗಳನ್ನು ಹಂಚಿಬಿಡುತ್ತಿದ್ದರೆ ‘ಸಾಯಬೇಕು ಅನ್ನಿಸ್ತಿದೆಯಾ’ ಅಂತ ಅದೇ ಮಾತಿನಲ್ಲಿ ಕೇಳಿ. ಕೇಳಿದರೆ ಯೋಚನೆ ಬಿತ್ತಿದ ಹಾಗಾಗುವುದಿಲ್ಲ. ಮನೆಯ ಮಾತ್ರೆಗಳನ್ನೆಲ್ಲ ಬೀಗದಲ್ಲಿಡಿ, ಪ್ಯಾರಾಸಿಟಮಾಲ್ ಕೂಡ. ಅದು ಅತಿಯಾದರೆ ಮೊದಲ ದಿನ ಏನೂ ಆಗದಂತೆ ಕಂಡು ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ, ಅದಕ್ಕೇ ನುಂಗಿದ್ದು ಗೊತ್ತಾದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂಥ ಹೊತ್ತಿನ ಸಹಾಯವಾಣಿ ಅಮೆರಿಕ, ಕೆನಡಾದಲ್ಲಿ 988, ಬ್ರಿಟನ್ನಿನಲ್ಲಿ 116 123, ಆಸ್ಟ್ರೇಲಿಯಾದಲ್ಲಿ 13 11 14: ನಿಮ್ಮ ದೇಶದ ಸಂಖ್ಯೆ ಮಗುವಿನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇವತ್ತೇ ಇರಲಿ.

ವರ್ಷ ಕಳೆದ ಮೇಲೆ ಮಗು ಬೇರೆ ಹೆಸರು, ಬೇರೆ ಪದ ಹೇಳಲೂಬಹುದು. ‘ನೋಡಿದ್ಯಾ, ನಾನು ಅವತ್ತೇ ಹೇಳಿದ್ದೆ’ ಅನ್ನಬೇಡಿ. ‘ಸರಿ ಕಂದ, ಈಗ ಏನಂತ ಕರೀಲಿ’ ಅಂತ ಕೇಳಿ, ಫೋನಿನಲ್ಲಿ ಹೆಸರು ಮತ್ತೊಮ್ಮೆ ಬದಲಿಸಿ.