ಪದಚರ್ಚೆ: ಬೇಸ್‌ಬಾಲ್‌ನ ‘ಅಬ್‌ಸ್ಟ್ರಕ್ಷನ್’, ‘ಇಂಟರ್‌ಫಿಯರೆನ್ಸ್’ ಎರಡಕ್ಕೂ ‘ಅಡ್ಡಿ’ ಸಾಕೇ?

ಪ್ರಶ್ನೆ:
ಬೇಸ್‌ಬಾಲ್ ನಿಯಮಗಳ ಕನ್ನಡ ಕರಡೊಂದರಲ್ಲಿ ಈ ಎರಡಕ್ಕೂ ‘ಅಡ್ಡಿ’ ಎಂದೇ ಇದೆ, ಕೆಲವೆಡೆ ಎರಡನೆಯದು ‘ಹಸ್ತಕ್ಷೇಪ’. ಆದರೆ ಮೊದಲನೆಯದರಲ್ಲಿ ತಪ್ಪು ಫೀಲ್ಡರ್‌ನದು, ಲಾಭ ಓಟಗಾರನಿಗೆ (ಬೇಸ್‌ ಎಂಬ ನಾಲ್ಕು ನೆಲೆಗಳನ್ನು ಸುತ್ತಿ ಓಡುವ ಬ್ಯಾಟಿಂಗ್ ತಂಡದವನಿಗೆ). ಎರಡನೆಯದರಲ್ಲಿ ಸಾಮಾನ್ಯವಾಗಿ ತಪ್ಪು ಓಟಗಾರನದು, ಅವನು ಔಟ್. ಬಲ್ಲವರು ಬೇರೆ ಬೇರೆ ಪದ ಸೂಚಿಸಬೇಕು.

ಉತ್ತರ:
ಹೊಸ ಪದ ಕಟ್ಟುವುದು ಬೇಡ, ಬಳಕೆಯಲ್ಲೇ ಎರಡಿವೆ. ದಾರಿಯನ್ನು ‘ಅಡ್ಡಗಟ್ಟು’ತ್ತೇವೆ, ಕೆಲಸಕ್ಕೆ ‘ಅಡ್ಡಿಪಡಿಸು’ತ್ತೇವೆ. ಪತ್ರಿಕೆಗಳಲ್ಲಿ ‘ಬೈಕ್ ಅಡ್ಡಗಟ್ಟಿ ಸುಲಿಗೆ’ ಒಂದು ಸುದ್ದಿ, ‘ಕರ್ತವ್ಯಕ್ಕೆ ಅಡ್ಡಿ’ ಇನ್ನೊಂದು.

ಚೆಂಡು ಕೈಯಲ್ಲಿಲ್ಲದ, ಅದನ್ನು ಹಿಡಿಯುವ ಯತ್ನದಲ್ಲೂ ಇಲ್ಲದ ಫೀಲ್ಡರ್ ಓಟಗಾರನ ಹಾದಿಯಲ್ಲಿದ್ದರೆ ಅದು ಅಡ್ಡಗಟ್ಟು. ಉದ್ದೇಶ ಇರಲೇಬೇಕೆಂದಿಲ್ಲ. 2013ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಅಂತಿಮ ಸರಣಿ) 3ನೇ ಪಂದ್ಯ ನೋಡಿ. ತಪ್ಪಿಹೋದ ಎಸೆತಕ್ಕೆ ಹಾರಿ ನೆಲಕ್ಕೆ ಬಿದ್ದಿದ್ದ ಬಾಸ್ಟನ್‌ನ ವಿಲ್ ಮಿಡಲ್‌ಬ್ರೂಕ್ಸ್‌ನನ್ನು ದಾಟಲು ಹೋಗಿ ಸೇಂಟ್ ಲೂಯಿಸ್‌ನ ಆ್ಯಲನ್ ಕ್ರೇಗ್ ಎಡವಿದ. ರನ್‌ಗಾಗಿ ಮುಟ್ಟಬೇಕಾದ ಕೊನೆಯ ಬೇಸ್ ‘ಹೋಂ’ ತಲುಪುವಷ್ಟರಲ್ಲಿ ಚೆಂಡು ಅಲ್ಲಿತ್ತು. ಆದರೂ ಅಂಪೈರ್ ರನ್ ಕೊಟ್ಟರು, ಪಂದ್ಯ 5-4ಕ್ಕೆ ಮುಗಿಯಿತು. ‘ಅಡ್ಡಗಾಲು’ ಎಂಬ ನಮ್ಮ ಮಾತು ಅಲ್ಲಿ ಅಕ್ಷರಶಃ ನಿಜ!

ಬ್ಯಾಟಿನಿಂದ ಬಂದ ಚೆಂಡನ್ನು ಹಿಡಿಯುತ್ತಿರುವ ಫೀಲ್ಡರ್‌ಗೆ ಮಾತ್ರ ದಾರಿಯ ಹಕ್ಕಿದೆ. ಓಟಗಾರನೇ ಸುತ್ತಿ ಹೋಗಬೇಕು. ಬೇಕೆಂದಲ್ಲದೆ ತಾಗಿದರೂ ಅದು ‘ಅಡ್ಡಿ’: ಆಟ ನಿಲ್ಲುತ್ತದೆ, ಅವನು ಔಟ್. ಆದರೆ ಫೀಲ್ಡರ್ ಎಸೆದ ಚೆಂಡಿನ ವಿಷಯದಲ್ಲಿ ಓಟಗಾರ ಬೇಕೆಂದೇ ಮಾಡಿರಬೇಕು. ಅನುವಾದಗಳು ಮುಗ್ಗರಿಸುವುದು ಇಲ್ಲೇ, ‘ಬ್ಯಾಟಾದ ಚೆಂಡು’, ‘ಎಸೆದ ಚೆಂಡು’ ಎರಡನ್ನೂ ಬರೀ ‘ಚೆಂಡು’ ಮಾಡಿ.

‘ಯಾರ ತಪ್ಪು’ ಎಂಬುದರ ಮೇಲೆ ಪದ ಹಂಚಬೇಡಿ. ಬ್ಯಾಟ್ ಬೀಸುವಾಗ ಕ್ಯಾಚರ್‌ನ (ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವನ) ಗ್ಲೌಸ್ ತಗುಲಿದರೆ ತಪ್ಪು ಫೀಲ್ಡಿಂಗ್ ತಂಡದ್ದು, ಬ್ಯಾಟರ್‌ಗೆ ಮೊದಲ ಬೇಸ್. ಆದರೂ ಅದರ ಹೆಸರು ಇಂಟರ್‌ಫಿಯರೆನ್ಸೇ. ನಮ್ಮ ಲೆಕ್ಕದಲ್ಲೂ ಸರಿಯೇ: ಕೆಡಿಸಿದ್ದು ಹೊಡೆಯುವ ಕೆಲಸವನ್ನು, ದಾರಿಯನ್ನಲ್ಲ.

ಕ್ರಿಕೆಟ್ ಗುಂಗಿನಲ್ಲೂ ಎಚ್ಚರ ಬೇಕು. ಅಲ್ಲಿ 37ನೇ ನಿಯಮದ ‘ಅಬ್‌ಸ್ಟ್ರಕ್ಟಿಂಗ್ ದ ಫೀಲ್ಡ್’ ಬ್ಯಾಟರ್‌ನ ತಪ್ಪು. ಇಂಗ್ಲಿಷ್ ಪದ ಒಂದೇ, ಅಪರಾಧಿ ಅದಲುಬದಲು. ಅದನ್ನು ‘ಫೀಲ್ಡಿಂಗ್‌ಗೆ ಅಡ್ಡಿ’ ಎನ್ನುತ್ತಾ ಬಂದಿದ್ದೇವೆ, ಹಾಗೇ ಇರಲಿ.

ಪ್ರತಿಕ್ರಿಯೆ:
ಒಪ್ಪಿದೆ. ನಾಮಪದ ಬೇಕಾದಲ್ಲಿ ‘ಅಡ್ಡಗಟ್ಟುವಿಕೆ’ ಭಾರ, ‘ದಾರಿತಡೆ’ ಹಗುರ. ‘ಹಸ್ತಕ್ಷೇಪ’ವನ್ನು ಪೂರ್ತಿ ಬಿಡಬೇಡಿ. ಗ್ಯಾಲರಿಯ ಪ್ರೇಕ್ಷಕ ಮೈದಾನದೊಳಕ್ಕೆ ಕೈಚಾಚಿ ಚೆಂಡು ಮುಟ್ಟಿದರೂ ಆಟ ನಿಲ್ಲುತ್ತದೆ. ಆ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ.