ಧರೆಯ (ಮಣ್ಣಿನ ದಿಬ್ಬದ ಇಳಿಜಾರಿನ) ಮಣ್ಣು ಕೊಚ್ಚಿಹೋಗದಂತೆ ಏನು ನೆಡಬೇಕು?

ಪ್ರಶ್ನೆ: ಚಿಕ್ಕಮಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂದಿನ ಧರೆಯಿಂದ ಪ್ರತಿ ಮಳೆಗಾಲದಲ್ಲೂ ಕೆಮ್ಮಣ್ಣು ಹರಿದುಬಂದು ಚರಂಡಿ ಕಟ್ಟಿಕೊಳ್ಳುತ್ತಿದೆ. ಹಳದಿ ಹೂವಿನ ಸಿಂಗಾಪುರ ಡೈಸಿಯನ್ನು ಹಬ್ಬಿಸುವಂತೆ ನರ್ಸರಿಯವರು ಹೇಳುತ್ತಿದ್ದಾರೆ. ಇದು ಸೂಕ್ತವೇ?

ಉತ್ತರ 1: ದಯವಿಟ್ಟು ಬೇಡ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಆ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಉಳಿದ ಗಿಡಗಳನ್ನೆಲ್ಲ ಮುಚ್ಚಿಬಿಡುತ್ತದೆ. ಕಿತ್ತರೂ ಒಂದು ತುಂಡು ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ನಮ್ಮ ನೆಲದ್ದೇ ಆದ ಲಾವಂಚವನ್ನು ನೆಡಿ. ಅದರ ಬೇರುಗಳು ಪಕ್ಕಕ್ಕೆ ಹರಡದೆ 2-3 ಮೀಟರ್ ಆಳಕ್ಕೆ ನೇರವಾಗಿ ಇಳಿಯುತ್ತವೆ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 10-15 ಸೆಂಟಿಮೀಟರ್ ಅಂತರದಲ್ಲಿ ಸಸಿಗಳನ್ನು ಕೂರಿಸಿದರೆ, ಬುಡಗಳು ಒತ್ತಾಗಿ ಬೆಳೆದು ನೀರಿನ ರಭಸವನ್ನು ತಗ್ಗಿಸುತ್ತವೆ ಮತ್ತು ಹರಿದುಬಂದ ಮಣ್ಣು ಸಾಲಿನ ಹಿಂದೆಯೇ ನಿಲ್ಲುತ್ತದೆ.

ಉತ್ತರ 2: ಜುಲೈನ ಜಡಿಮಳೆಗೆ ಮೊದಲೇ ಬೇರು ಹಿಡಿಯುವಂತೆ ಮುಂಗಾರಿನ ಆರಂಭದಲ್ಲೇ ನೆಡುವುದು ಒಳ್ಳೆಯದು. ಸಾಲುಗಳ ನಡುವೆ ದರಗು (ಉದುರಿದ ಒಣ ಎಲೆ) ಹರಡಿ. ಸಿಲ್ವರ್ ಓಕ್ ಎಲೆಯನ್ನು ಗುಡಿಸಿ ಸುಡುವ ಅಭ್ಯಾಸ ನಮ್ಮಲ್ಲಿ ಏಕಿದೆಯೋ ತಿಳಿಯದು; ಅದು ನಿಧಾನವಾಗಿ ಕೊಳೆಯುವುದರಿಂದ ಹೊದಿಕೆಗೆ ಅನುಕೂಲವೇ.

ಉತ್ತರ 3: ಲಾವಂಚಕ್ಕೆ ಬಿಸಿಲು ಬೇಕು, ದಟ್ಟ ನೆರಳಿನಲ್ಲಿ ಅದು ಸೊರಗುತ್ತದೆ. ಧರೆಯನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದರೆ ಯಾವ ಗಿಡವನ್ನೂ ನಂಬದೆ, ಮೊದಲು ಎಂಜಿನಿಯರರಿಗೆ ತೋರಿಸಿ.